ಗಾವ್ರಿಲ್ ಕತ್ತರಿಸಿದ ಚಿತ್ರ

ಪೀಪಾಯಿಯ ತಳಕ್ಕೆ ಮೊಣಕೈಯವರೆಗೆ ಕೈ ಇಳಿಸಿ ರುಕ್ಸಾಂದ ಕೊನೆಯ ಎಲೆಕೋಸನ್ನು ಎಳೆದು ತೆಗೆದಳು. ಅಕ್ಟೋಬರ್ ತಿಂಗಳ ನಡು. ಹೊಸ ಕೋಸು ಇನ್ನೂ ಹೊಲದಲ್ಲೇ ಇತ್ತು, ಉಪ್ಪುನೀರಿಗೆ ಹಾಕಲು ಎರಡು ವಾರವಾದರೂ ಬೇಕು. ಸತ್ತ ಮನೆಯ ಊಟಕ್ಕೆ ಕಳೆದ ವರ್ಷದ ಕೋಸೇ ಗತಿ. ಎಲೆಗಳು ಲೋಳೆಗಟ್ಟಿದ್ದವು, ಒದ್ದೆ ಕಾಲುಚೀಲದಂಥ ನಾತ. ಮೂರು ನೀರಿನಲ್ಲಿ ತೊಳೆದರೂ ಅದು ಬೆರಳು ಬಿಟ್ಟು ಹೋಗಲಿಲ್ಲ.

"ಸಾಕು ಬಿಡಕ್ಕಾ," ಎಂದಳು ಎದುರು ಕೂತು ಹಂದಿಮಾಂಸದ ಕೈಮಕ್ಕೆ ಅಕ್ಕಿ ಕಲಸುತ್ತಿದ್ದ ಅಗ್ಲಾಯ. "ಎರಡು ಲೋಟ ಪ್ಲಮ್ ಸಾರಾಯಿ ಒಳಗೆ ಹೋದ್ಮೇಲೆ ಯಾರಿಗೆ ಮೂಗಿರುತ್ತೆ?"

"ನನಗಿದೆಯಲ್ಲ."

"ನಿನಗೆ ಯಾವಾಗ್ಲೂ ಇತ್ತು."

ರುಕ್ಸಾಂದ ಎಲೆ ಬಿಡಿಸಿ, ಉಂಡೆ ಇಟ್ಟು, ಸುರುಳಿ ಸುತ್ತತೊಡಗಿದಳು. ಎಂಬತ್ತು ಜನರ ಅಡುಗೆ. ಊರಿನಲ್ಲಿ ಸಾವಿನ ಅಡುಗೆಗೆ ಕರೆದರೆ ಯಾರೂ ಆಗುವುದಿಲ್ಲ ಎನ್ನುವುದಿಲ್ಲ. ನಿನ್ನೆ ಸಂಜೆ ಗಾವ್ರಿಲ್‌ನ ಹೆಂಡತಿ ದೋಕಿತ್ಸಾ ಬೇಲಿಯ ಹತ್ತಿರ ಬಂದು ನಿಂತು, "ನಮ್ಮ ಗಾವ್ರಿಲ್ ಹೋದ. ಇಷ್ಟು ಜನಕ್ಕೆ ಬೇಯಿಸೋ ಕೈ ನಿನ್ನದೊಂದೇ ಕಣೇ," ಎಂದಾಗಲೂ ಅವಳು ಇಲ್ಲವೆನ್ನಲಿಲ್ಲ. ಬೆಳಗಿನ ಜಾವವೇ ಸೌಟು, ಚಾಕು ಹಿಡಿದು ಬಂದಿದ್ದಳು. ಆದರೆ ಹೆಣ ಇಟ್ಟಿದ್ದ ಮುಂಕೋಣೆಯ ಹೊಸ್ತಿಲು ಮಾತ್ರ ದಾಟಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದ್ದರು. ಎಲ್ಲರೂ ಗಮನಿಸಿದ್ದಾರೆಂದು ಅವಳಿಗೂ ಗೊತ್ತಿತ್ತು.

ಒಳಗಿನಿಂದ ಮಾತು ತೇಲಿ ಬರುತ್ತಿತ್ತು.

"ಎಂಥ ಮನುಷ್ಯ. ನನ್ನ ಮಗಳ ಮದುವೆ ಫೋಟೋಕ್ಕೆ ಕಾಸು ಮುಟ್ಟಲಿಲ್ಲ."

"ಒಂದು ಇರುವೆ ತುಳಿದವನಲ್ಲ."

ರುಕ್ಸಾಂದ ಎಲೆಯ ದಪ್ಪ ನಾರನ್ನು ಚಾಕುವಿನಿಂದ ಕೆತ್ತಿ ಎಸೆದಳು. ಊರಿನ ಪ್ರತಿ ಮನೆಯ ಗೋಡೆಯ ಮೇಲೂ ಗಾವ್ರಿಲ್ ತೆಗೆದ ಮದುವೆಯ ಚಿತ್ರವಿತ್ತು. ಅವಳ ಮನೆಯ ಗೋಡೆಯ ಮೇಲೆ ಇರಲಿಲ್ಲ. ಅವಳಿಗೆ ಮದುವೆಯೇ ಆಗಿರಲಿಲ್ಲ.

ಊರುಗೋಲು ಊರುತ್ತ ಮುದುಕ ಪ್ರೋಕೋಪ್ ಅಂಗಳದ ಒಲೆಯ ಹತ್ತಿರ ಬಂದ. ಎಂಬತ್ತನಾಲ್ಕು ದಾಟಿದವನು, ಈಗ ಚರ್ಚಿನ ಹಿರಿಯರಲ್ಲಿ ಒಬ್ಬ; ಹಿಂದೆ ಸಾಮೂಹಿಕ ಬೇಸಾಯ ಸಂಘವಿದ್ದಾಗ ಹೊಲದ ಮೇಸ್ತ್ರಿ. ಕೇಳದೆಯೇ ಒಂದು ಬ್ರೆಡ್ ತುಂಡನ್ನು ಕಡಾಯಿಯ ಮೇಲೆ ತೇಲುತ್ತಿದ್ದ ಕೊಬ್ಬಿಗೆ ಅದ್ದಿ ಬಾಯಿಗಿಟ್ಟ. ಜಿಡ್ಡು ಗಲ್ಲದಿಂದಿಳಿದು ಗಂಟಲ ಸುಕ್ಕಿನಲ್ಲಿ ಹರಿಯಿತು.

"ಉಪ್ಪು ಕಮ್ಮಿ," ಎಂದ. ಆಮೇಲೆ, "ಒಳಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಾರೇ ರುಕ್ಸಾಂದಾ. ಜನ ನೋಡ್ತಾರೆ."

"ಜನ ನೋಡೋದು ನನಗೆ ಹೊಸದಲ್ಲ, ಮೇಸ್ತ್ರಿ."

"ಇನ್ನೂ ಅದೇನಾ? ಕಾಲ ಹಂಗಿತ್ತು. ಅವನಿಗೂ ಮೇಲಿನವರ ಹುಕುಂ. ಹನ್ನೆರಡು ತೆನೆಗೆ ಮೂವತ್ತಾರು ವರ್ಷ ಮುನಿಸಾ?"

"ಲೆಕ್ಕ ಚೆನ್ನಾಗಿ ಇಟ್ಟಿದ್ದೀರಿ," ಎಂದು ಅವಳು ಅವನ ಕೈಯಳತೆಯಿಂದ ಕಡಾಯಿಯನ್ನು ಆಚೆ ಎಳೆದಳು.

*

ಆಗ ಅವಳಿಗೆ ಇಪ್ಪತ್ತೆರಡು. ಸಂಘದ ಮೆಕ್ಕೆಜೋಳದ ಕೊಯ್ಲು. ಮನೆಯಲ್ಲಿ ತಾಯಿ ಎದೆನೋವಿನಿಂದ ಮಲಗಿದ್ದಳು, ಹಿಟ್ಟಿನ ಡಬ್ಬಿ ಖಾಲಿಯಿತ್ತು. ಸಂಜೆ ಹೊಲ ಬಿಡುವಾಗ ಹನ್ನೆರಡು ತೆನೆ ಮುರಿದು ಮಡಿಲಿಗೆ ಹಾಕಿಕೊಂಡಳು. ಎರಡು ಹೊತ್ತಿನ ಜೋಳದ ಮುದ್ದೆಗೆ ಆಗುವಷ್ಟು. ಬದುವಿನ ಮೇಲೆ ಪ್ರೋಕೋಪ್ ಹಿಡಿದ.

"ಮಡಿಲು ಬಿಚ್ಚು. ಹಂಗೇ ಹಿಡ್ಕೊ. ಗಾವ್ರಿಲಾ, ತೆಗಿ," ಎಂದು ಅವನು ಅವಳ ಹಿಂದಿನ ದಾರಿಯ ಕಡೆ ಸರಿದ.

ಸಂಘದ ಗುಮಾಸ್ತನಾಗಿದ್ದ ಗಾವ್ರಿಲ್‌ನ ಕೊರಳಲ್ಲಿ ಸಂಘದ ಕ್ಯಾಮೆರಾ ಯಾವಾಗಲೂ ತೂಗುತ್ತಿತ್ತು. ತೆಳ್ಳಗಿನ, ಮಾತಿಲ್ಲದ ಹುಡುಗ. ಅವನು ಒಂದು ಕಣ್ಣು ಮುಚ್ಚಿ, ಒಮ್ಮೆ ಹಿಂದೆ ಸರಿದು, ಗುಂಡಿ ಒತ್ತಿದ. ಅವಳು ನೆಲ ನೋಡುತ್ತಿದ್ದಳು. ತನ್ನ ಬೆನ್ನ ಹಿಂದೆ ದಾರಿಯಲ್ಲಿ ಏನಿದೆ ಯಾರಿದ್ದಾರೆ ಎಂದು ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ.

ನಾಲ್ಕನೆಯ ದಿನ ಸಂಘದ ಕಚೇರಿಯ ಮುಂದಿನ ಗಾಜಿನ ಹಲಗೆಯಲ್ಲಿ ಚಿತ್ರ ಬಂತು. ಎಡಗಡೆ ಒಳ್ಳೆಯ ಕೆಲಸಗಾರರು, ಬಲಗಡೆ ಕಳ್ಳರು, ಸೋಮಾರಿಗಳು. ಆಳೆತ್ತರವಲ್ಲದಿದ್ದರೂ ಹಲಗೆಯ ಅರ್ಧ ತುಂಬುವಷ್ಟು ದೊಡ್ಡದಾಗಿ ಅವಳೊಬ್ಬಳೇ: ತಗ್ಗಿದ ತಲೆ, ಹರಡಿದ ಮಡಿಲು, ತೆನೆ. ತಿಂಗಳು ಪೂರ್ತಿ ಇತ್ತು. ಹಾಲು ಹಾಕಲು ಹೋಗುವವರು, ಚರ್ಚಿನಿಂದ ಬರುವವರು ನಿಂತು ನೋಡಿ ನಕ್ಕರು. ಯಾರೋ ಗಾಜಿನ ಮೇಲೆ, ಅವಳ ಮುಖಕ್ಕೆ ಸರಿಯಾಗಿ, ಉಗಿದಿದ್ದರು. ಅದು ಒಣಗಿ ಹಳದಿಯಾಗಿ ಇಳಿದಿತ್ತು.

ಹಿಮ ಬಿದ್ದ ಮೇಲೆ ಮದುವೆಯೆಂದು ಸಿಮಿಯೋನನ ಜೊತೆ ಮಾತಾಗಿತ್ತು. ಅವನು ಪ್ರೋಕೋಪ್‌ನ ತಂಗಿಯ ಮಗ. ಅವನ ತಾಯಿ ಅಂಗಳದಲ್ಲೇ ನಿಂತು, "ಕಳ್ಳಿಯನ್ನ ನಮ್ಮ ಮನೆ ತುಂಬಿಸ್ಕೊಳ್ಳಲ್ಲ," ಎಂದು ಉಂಗುರ ವಾಪಸು ಇಸಿದುಕೊಂಡು ಹೋದಳು. ಸಿಮಿಯೋನ್ ಗೇಟಿನ ಹೊರಗೇ ನಿಂತಿದ್ದ. ಆಮೇಲೆ ಸಿರೆತ್ ಹೊಳೆಯಾಚೆ ಮದುವೆಯಾಗಿ ಅಲ್ಲೇ ನೆಲೆಸಿ, ಅಲ್ಲೇ ಸತ್ತ.

*

ಮಧ್ಯಾಹ್ನ ಹೆಣವನ್ನು ಅಂಗಳಕ್ಕೆ ತಂದು ಎರಡು ಬೆಂಚಿನ ಮೇಲೆ ಇಟ್ಟರು. ಬಿಸಿಲಿಗೆ ಸೇವಂತಿಗೆಯ ವಾಸನೆ, ಧೂಪ, ಅದರಡಿಯ ಇನ್ನೊಂದು ವಾಸನೆ. ಗಾವ್ರಿಲ್‌ನ ಮೂಗಿನ ಮೇಲೆ ಒಂದು ನೊಣ ಕೂತಿತ್ತು. ದೋಕಿತ್ಸಾ ಓಡಿಸುತ್ತಿದ್ದಳು, ಅದು ಮತ್ತೆ ಬಂದು ಕೂರುತ್ತಿತ್ತು. ಒಲೆ ಬಿಟ್ಟು ಹೋಗುವಂತಿಲ್ಲದ ರುಕ್ಸಾಂದ ಸೌಟು ಹಿಡಿದು ಅಲ್ಲೇ ನಿಂತಳು.

ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಕೊಡುವುದು ಶುರುವಾಯಿತು. ಶವಪೆಟ್ಟಿಗೆಯ ಒಂದು ಬದಿಯಿಂದ ದೋಕಿತ್ಸಾ ಸತ್ತವನ ಹೆಸರಿನಲ್ಲಿ ಒಂದೊಂದೇ ವಸ್ತು ಚಾಚಿದಳು, ಆಚೆ ಬದಿಯಲ್ಲಿ ನಿಂತವರು ಹೆಣದ ಮೇಲಿಂದ ಅದನ್ನು ತೆಗೆದುಕೊಂಡು "ದೇವರು ಅವನನ್ನು ಕ್ಷಮಿಸಲಿ" ಎಂದರು. ಗುಂಡಿ ತೋಡಿದವನಿಗೆ ಕಪ್ಪು ಕೋಳಿ. ಅಗ್ಲಾಯಳಿಗೆ ಬಕೆಟ್, ಟವೆಲ್ಲು. ಪ್ರೋಕೋಪ್‌ಗೆ ಸತ್ತವನ ಉಣ್ಣೆಯ ಕೋಟು. ಅವನು ಅದರ ಒಳಪದರವನ್ನು ಬೆರಳಲ್ಲಿ ತಿಕ್ಕಿ ನೋಡಿ, ದೇವರು ಕ್ಷಮಿಸಲಿ ಎಂದು, ತೋಳಿನ ಮೇಲೆ ಹಾಕಿಕೊಂಡ.

ಕೊನೆಗೆ ದೋಕಿತ್ಸಾ ಒಂದು ಕಂದು ಲಕೋಟೆಯನ್ನು ಟವೆಲ್ಲಿನ ಮೇಲಿಟ್ಟು ಹಿಡಿದಳು.

"ರುಕ್ಸಾಂದಾ. ಬಾರೇ."

ಆ ಲಕೋಟೆಯ ಗುರುತು ರುಕ್ಸಾಂದಳಿಗೆ ಹತ್ತಿತು.

*

ನಾಲ್ಕು ವರ್ಷದ ಹಿಂದೆ ಒಂದು ವಸಂತದ ಬೆಳಿಗ್ಗೆ ಗಾವ್ರಿಲ್ ಅದೇ ಲಕೋಟೆ ಹಿಡಿದು ಅವಳ ಗೇಟಿನ ಮುಂದೆ ನಿಂತಿದ್ದ. ಹೀಗೆ ಅವನು ಮನೆಮನೆಗೆ ಹೋಗುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಸಂಘ ಮುರಿದ ಮೇಲೆ ಅವನು ಹಳೆಯ ಫಿಲ್ಮ್ ಸುರುಳಿಗಳನ್ನು ಶೆಡ್ಡಿಗೆ ಒಯ್ದು, ಹಲಗೆಗೆ ಏರಿದವರ ಚಿತ್ರಗಳನ್ನು ಒಂದೊಂದಾಗಿ ಹೊಸದಾಗಿ ತೊಳೆಯುತ್ತಿದ್ದ. ಚಿತ್ರ ಒಣಗಲು ಹಾಕಿ ಅದರ ಮುಂದೆ ಸ್ಟೂಲಿನ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದನಂತೆ. ಆಮೇಲೆ ಆ ಚಿತ್ರವನ್ನೂ ಫಿಲ್ಮನ್ನೂ ಆಯಾ ಮನೆಗೆ ಒಯ್ದು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂರುವನು. ಒಬ್ಬ ಕೆನ್ನೆಗೆ ಹೊಡೆದಿದ್ದ. ಒಬ್ಬಳು ಸಾರಾಯಿ ಕೊಟ್ಟಿದ್ದಳು.

ಅವತ್ತು ರುಕ್ಸಾಂದ ಹಂದಿಗೆ ಕಲಗಚ್ಚು ಒಯ್ಯುತ್ತಿದ್ದಳು.

"ರುಕ್ಸಾಂದಕ್ಕಾ, ಒಂದೇ ಒಂದು ಸಲ ನೋಡು. ಆಮೇಲೆ ಬೇಕಾದ್ರೆ ಸುಡು."

ಅವಳು ಬಕೆಟ್ ಎತ್ತಿ ಗೇಟಿನ ಮೇಲಿಂದ ಸುರಿದಳು. ಕೊಳೆತ ಸಿಪ್ಪೆ, ಹುಳಿ ಮಜ್ಜಿಗೆ, ನೆನೆದ ತೌಡು ಅವನ ತಲೆಯಿಂದ ಇಳಿಯಿತು. ಅವನು ಕದಲಲಿಲ್ಲ. ಲಕೋಟೆಯನ್ನು ಮಾತ್ರ ಕಂಕುಳಲ್ಲಿ ಅವುಚಿಕೊಂಡಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಿವಿಯಲ್ಲಿ ಅಂಟಿದ್ದ ಆಲೂಗಡ್ಡೆ ಸಿಪ್ಪೆ ತೆಗೆದು ಬಿಸಾಡಿ, "ಸರಿ ಅಕ್ಕಾ," ಎಂದು ಹೊರಟುಹೋದ. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ; ಸಂಜೆಯವರೆಗೂ ಗೇಟನ್ನೇ ತೊಳೆದಳು.

*

"ಎಲ್ಲರೂ ಇಸಿದುಕೊಂಡ್ರು, ನಿಂದೊಂದು ಉಳೀತು," ಎಂದಳು ದೋಕಿತ್ಸಾ. ಲಕೋಟೆಯನ್ನು ಹೆಣದ ಮೇಲಿಂದ ಚಾಚಿಯೇ ಇದ್ದಳು. "ಒಂದೊಂದು ಕೊಟ್ಟು ಬಂದ ದಿನ ಮಗು ಥರ ನಿದ್ದೆ ಮಾಡ್ತಿದ್ದ. ಕೊನೆ ವಾರ ಮಾತ್ರ ನಿದ್ದೆ ಇಲ್ಲ. ಪೆಟ್ಟಿಗೆ ಮುಚ್ಚೋಕೆ ಮುಂಚೆ ಇದನ್ನ ನಿನ್ನ ಕೈಗೆ ಕೊಡು ಅಂದ."

ರುಕ್ಸಾಂದ ಸೌಟು ಇಟ್ಟು ಬಂದಳು. ಆ ದಿನ ಮೊದಲ ಸಲ ಸತ್ತವನ ಮುಖ ನೋಡಿದಳು. ಮೇಣದ ಬಣ್ಣ; ಮೂಗಿನ ಹೊಳ್ಳೆಯಲ್ಲಿ ಹತ್ತಿ. ಕೈ ಚಾಚಿ ಲಕೋಟೆ, ಟವೆಲ್ಲು ಎರಡನ್ನೂ ತೆಗೆದುಕೊಂಡಳು.

ಪಾದ್ರಿ ಕಾದ. ಎಂಬತ್ತು ಜನ ಕಾದರು.

"ಹೇಳು ತಾಯಿ," ಎಂದ ಪಾದ್ರಿ ಮೆಲ್ಲಗೆ. "ಮೂರೇ ಮಾತು."

"ಇಸಿದುಕೊಂಡೆನಲ್ಲ," ಎಂದಳು ರುಕ್ಸಾಂದ. "ಮಾತು ಬಾಯಿಗೆ ಬಂದ್ರೆ ಹೇಳ್ತೀನಿ. ಬಂದಿಲ್ಲ."

ದೋಕಿತ್ಸಾ ಬಾಯಿಗೆ ಕೈ ಅಡ್ಡ ಹಿಡಿದಳು. ಹಿಂದಿನಿಂದ ಪ್ರೋಕೋಪ್, "ಹೆಣದ ಮುಂದೆ ಕೂಡ ಇದೇ ಕೊಬ್ಬು," ಎಂದ. ಪೆಟ್ಟಿಗೆಗೆ ಮುಚ್ಚಳ ಬಿತ್ತು. ನಾಲ್ಕು ಮೊಳೆ.

ಮೆರವಣಿಗೆ ಸ್ಮಶಾನದ ಕಡೆ ಹೋಯಿತು. ಅಂಗಳದಲ್ಲಿ ಅಡುಗೆಯವರಿಬ್ಬರೇ ಉಳಿದರು. ಕಡಾಯಿ ಗುಳುಗುಳು ಅನ್ನುತ್ತಿತ್ತು.

"ತೆಗಿ ಅಕ್ಕಾ," ಎಂದಳು ಅಗ್ಲಾಯ. "ನೀನು ತೆಗೀದಿದ್ರೆ ನಾನೇ ತೆಗೀತೀನಿ, ನನ್ನ ಬುದ್ಧಿ ನಿನಗೆ ಗೊತ್ತು."

ರುಕ್ಸಾಂದ ಸೌದೆ ರಾಶಿಯ ಮೇಲೆ ಕೂತು ಲಕೋಟೆ ಹರಿದಳು. ಹಲಗೆಯ ಮೇಲೆ ಕಂಡಿದ್ದ ಆ ದೊಡ್ಡ ಮುಖವನ್ನು ಮತ್ತೆ ನೋಡಲು ಹಲ್ಲು ಕಚ್ಚಿಕೊಂಡಿದ್ದಳು. ಅದು ಇರಲಿಲ್ಲ. ಇದ್ದದ್ದು ಅಗಲವಾದ ಒಂದು ಹೊಲ, ಅದರ ಮೇಲೆ ತುಂಬ ಆಕಾಶ. ಎಡಗಡೆ ಮೂಲೆಯಲ್ಲಿ, ಬೆರಳುದ್ದದ ಒಂದು ಹುಡುಗಿ ಮಡಿಲು ಹರಡಿ ನಿಂತಿದ್ದಳು. ತೆಳ್ಳಗಿನ ಕುತ್ತಿಗೆ, ಒಂದು ಕಾಲಿನ ಬೂಟಿಗೆ ಲೇಸಿರಲಿಲ್ಲ. ಇಷ್ಟು ಚಿಕ್ಕವಳಿದ್ದೆನೇ, ಎನ್ನಿಸಿತು ಅವಳಿಗೆ. ಯಾರ ಮನೆಯ ಮಗುವೋ ಎನ್ನುವಂತೆ ಬಹಳ ಹೊತ್ತು ಅವಳನ್ನೇ ನೋಡಿದಳು.

ಆಮೇಲೆ ಕಣ್ಣು ಬಲಕ್ಕೆ ಹೋಯಿತು. ಹುಡುಗಿಯ ಬೆನ್ನ ಹಿಂದಿನ ದಾರಿಯಲ್ಲಿ ಕುದುರೆಗಾಡಿ ನಿಂತಿತ್ತು. ಸಂಘದ ಜೋಳ ಹೋಗುತ್ತಿದ್ದದ್ದು ಟ್ರ್ಯಾಕ್ಟರಿನಲ್ಲಿ. ಇದು ಪ್ರೋಕೋಪ್‌ನ ಸ್ವಂತ ಗಾಡಿ. ಹೊದಿಸಿದ್ದ ಹುಲ್ಲಿನಡಿಯಿಂದ ತೆನೆ ತುಂಬಿದ ಮೂಟೆಗಳ ಬಾಯಿ ಹೊರಗೆ ಬಂದಿತ್ತು. ಪ್ರೋಕೋಪ್ ಗಾಲಿಯ ಮೇಲೊಂದು ಕಾಲಿಟ್ಟು, ಮೂಟೆಯ ಮೇಲೆ ಕೈಯಿಟ್ಟು ನಿಂತಿದ್ದ. ಲಗಾಮು ಹಿಡಿದಿದ್ದವನು ಸಿಮಿಯೋನ್. ತನ್ನ ಫೋಟೋ ತೆಗೆಯುತ್ತಿದ್ದಾರೆಂದುಕೊಂಡು, ಕ್ಯಾಮೆರಾದ ಕಡೆಗೆ ಹಲ್ಲು ಬಿಟ್ಟು ನಗುತ್ತಿದ್ದ.

ಚಿತ್ರದ ಹಿಂದೆ ಗುಮಾಸ್ತನ ಅಕ್ಷರದಲ್ಲಿ ಬರೆದಿತ್ತು: "ಪೂರ್ತಿ ಚಿತ್ರ ಇದು. ಕತ್ತರಿಸಿದವನು ನಾನು."

"ಥೂ," ಎಂದಳು ಅಗ್ಲಾಯ, ಭುಜದ ಮೇಲಿಂದ ಬಗ್ಗಿ. "ಥೂ ಇವನ. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ನಾ?"

"ಹೇಳೋಕೆ ಬಂದಿದ್ದ," ಎಂದಳು ರುಕ್ಸಾಂದ. "ತಡವಾಗಿ ಬಂದ. ನಾನೂ ಬಕೆಟ್ ಹಿಡ್ಕೊಂಡಿದ್ದೆ."

ಎದ್ದು ಕಡಾಯಿಯಡಿಯ ಕೊಳ್ಳಿಗಳನ್ನು ಹೊರಗೆಳೆದಳು.

ಜನ ಹಸಿದು ಬಂದರು. ಉದ್ದನೆಯ ಮೇಜಿಗೆ ಕೂತು, ಮೊದಲು ಸತ್ತವನ ಹೆಸರಿನ ಸಿಹಿ ಗೋಧಿ, ಮೇಲೆ ಸಾರಾಯಿ, ಆಮೇಲೆ ಸುರುಳಿಗಳು. ಐದು ನಿಮಿಷದಲ್ಲಿ ಸತ್ತವನ ಮಾತು ಮುಗಿದು ಸಕ್ಕರೆ ಬೀಟ್‌ರೂಟಿನ ಬೆಲೆಯ ಮಾತು ಬಂತು. ಬಾಯಿ ತುಂಬಿಕೊಂಡು ಮಾತಾಡುವವರು, ಬೆರಳು ಚೀಪಿ ಮೇಜಿನ ಬಟ್ಟೆಗೆ ಒರೆಸುವವರು. ರುಕ್ಸಾಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಡಿಸಿದಳು. ಗಾಜಿನ ಮೇಲೆ ಉಗಿದವರು ಯಾರೆಂದು ಇವತ್ತಿಗೂ ಗೊತ್ತಿರಲಿಲ್ಲ, ಯಾರಾದರೂ ಆಗಿರಬಹುದಿತ್ತು.

ಎಲ್ಲರ ತಟ್ಟೆಗೂ ಎರಡನೆಯ ಸಲ ಬಿದ್ದ ಮೇಲೆ ಅವಳು ಚಿತ್ರವನ್ನು ಮೇಜಿನ ತುದಿಯಲ್ಲಿ ಕೂತವನ ಮುಂದೆ ಇಟ್ಟಳು.

"ಗಾವ್ರಿಲ್ ಕೊಟ್ಟಿದ್ದು. ನೋಡಿ ಪಕ್ಕದವರಿಗೆ ಕೊಡಿ. ಕೈ ಒರೆಸ್ಕೊಂಡು ಹಿಡೀರಿ."

ಅವನು ಕೈ ಒರೆಸಿಕೊಂಡು ಹಿಡಿದ. ನೋಡಿದ. ತಲೆ ಎತ್ತದೆ ಪಕ್ಕದವಳಿಗೆ ಕೊಟ್ಟ. ಅವಳೂ ಒರೆಸಿಕೊಂಡಳು. ಹೀಗೆ ಕೈಯಿಂದ ಕೈಗೆ ಹೋಗುತ್ತ, ಅದು ಹೋದಲ್ಲೆಲ್ಲ ಚಮಚಗಳ ಸದ್ದು ನಿಲ್ಲುತ್ತ ಬಂತು. ಯಾರೋ ಮೆಲ್ಲಗೆ, "ಅದು ಮೇಸ್ತ್ರಿ ಗಾಡಿಯಲ್ವಾ," ಎಂದರು. ಬೀಟ್‌ರೂಟಿನ ಮಾತು ಅಲ್ಲಿಗೆ ನಿಂತಿತು.

ಪ್ರೋಕೋಪ್‌ನ ಕೈಗೆ ಬಂದಾಗ ಅವನು ಕೈ ಒರೆಸಿಕೊಳ್ಳಲಿಲ್ಲ. ಕಣ್ಣಿಗೆ ಹತ್ತಿರ, ಆಮೇಲೆ ದೂರ ಹಿಡಿದ.

"ನನಗೆ ಕಣ್ಣು ಕಾಣಲ್ಲ," ಎಂದ. "ಇಂಥವೆಲ್ಲ ಈಗ ಹೇಗೆ ಬೇಕಾದ್ರೂ ಮಾಡ್ತಾರೆ."

ಪಾದ್ರಿ ತನ್ನ ತಟ್ಟೆ ನೋಡುತ್ತಿದ್ದ. ಮುದುಕನ ಹೆಬ್ಬೆರಳು ಚಿತ್ರದ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. ಆಮೇಲೆ ಅವನು ಚಿತ್ರವನ್ನು ಮೇಜಿನ ಮೇಲೆ ಬಿಟ್ಟು, ಊರುಗೋಲು ತಡಕಿ ಎದ್ದು, ಗೇಟಿನ ಕಡೆ ಹೊರಟ. ಕೋಟನ್ನು ಬೆಂಚಿನ ಮೇಲೇ ಬಿಟ್ಟಿದ್ದ. ಯಾರೂ ಕರೆದು ಕೊಡಲಿಲ್ಲ.

ದೋಕಿತ್ಸಾ ರುಕ್ಸಾಂದಳ ಪಕ್ಕ ಬಂದು ನಿಂತಳು. ಕಣ್ಣು ಊದಿತ್ತು.

"ಈಗಲಾದ್ರೂ ಹೇಳ್ತೀಯಾ?"

"ಕತ್ತರಿ ಹಿಡಿದಿದ್ದು ಅವನ ಕೈ, ದೋಕಿತ್ಸಾ."

"ಹೌದು."

"ನಲವತ್ತನೇ ದಿನದ ಊಟಕ್ಕೆ ನಾನೇ ಬೇಯಿಸ್ತೀನಿ. ಅಷ್ಟರಲ್ಲಿ ಹೊಸ ಕೋಸು ಹುಳಿ ಬಂದಿರುತ್ತೆ. ಅವತ್ತು ನೋಡೋಣ."

ದೋಕಿತ್ಸಾ ತಲೆಯಾಡಿಸಿ, ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.

ರುಕ್ಸಾಂದ ಚಿತ್ರವನ್ನು ಎತ್ತಿ ಬೆಳಕಿಗೆ ಹಿಡಿದಳು. ಎಡಮೂಲೆಯ ಹುಡುಗಿಯ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ಬಲಗಡೆ ಮುದುಕನ ಹೆಬ್ಬೆರಳು ತಿಕ್ಕಿ ತಿಕ್ಕಿ ಹಂದಿಕೊಬ್ಬು ಹತ್ತಿತ್ತು. ಅಲ್ಲಿ ಗಾಡಿ, ಗಾಡಿಯ ಮೇಲಿನ ಒಂದೊಂದು ಮೂಟೆಯೂ, ಸಂಜೆ ಬಿಸಿಲಿಗೆ ಬೇರೆಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.