ಝಿಯಾದ್‌ಗೆ ಬರುವ ಫೋನುಗಳು

೧

ಎಲ್ಲಿಂದ ಶುರು ಮಾಡುವುದು? ನಂತೂರಿನಿಂದ ಮಾಡಿದರೆ ಕಥೆ ಟ್ರಾಫಿಕ್ಕಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕದ್ರಿ ಪಾರ್ಕಿನಿಂದ ಮಾಡಿದರೆ ಇದನ್ನು ಪ್ರೇಮಕಥೆ ಅಂದುಕೊಳ್ಳುತ್ತೀರಿ. ಹೊಟ್ಟೆಕಿಚ್ಚಿನಿಂದಲೇ ಶುರು ಮಾಡುತ್ತೇನೆ. ನಿರೀಕ್ಷಾಳಿಗೆ ಝಿಯಾದ್‌ನ ಮೇಲೆ ಹೊಟ್ಟೆಕಿಚ್ಚು. ಯಾಕೆಂದರೆ ಅವನಿಗೆ ಫೋನ್ ಬರುತ್ತದೆ.

ಇಬ್ಬರೂ ಕದ್ರಿಯ ಸಣ್ಣ ಆಫೀಸೊಂದರಲ್ಲಿ ಅಕ್ಕಪಕ್ಕ ಕೂತು ಒಂದು ಲೈಬ್ರರಿ ನೋಡಿಕೊಳ್ಳುತ್ತಾರೆ. (ಪುಸ್ತಕದ್ದಲ್ಲ. ನಾನು ಇದನ್ನು ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಬರೆಯುತ್ತಿರುವುದರಿಂದ ಹೇಳಬೇಕಾಯಿತು.) ಅಂಗಡಿಗಳ ಬಿಲ್ಲಿಂಗ್ ಆ್ಯಪ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಕೋಡ್ ಅದು, ಸಣ್ಣ ಪ್ರಿಂಟರಿನಲ್ಲಿ ಕನ್ನಡದ ಬಿಲ್ ಬರುವಂತೆ ಮಾಡುತ್ತದೆ. ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿದವಳು ನಿರೀಕ್ಷಾ. ಹಳೇ ಆಂಡ್ರಾಯ್ಡ್‌ಗಳಲ್ಲೂ ಅದು ಓಡುವಂತೆ ಮಾಡಿದವನು ಝಿಯಾದ್. ಹಳೇದು ಆಗಾಗ ಕೈಕೊಡುತ್ತದೆ, ಅಂಗಡಿಯವರು ಝಿಯಾದ್‌ಗೆ ಫೋನ್ ಮಾಡುತ್ತಾರೆ. ನಿರೀಕ್ಷಾಳ ಕೋಡ್ ಕೈಕೊಡುವುದಿಲ್ಲ. ಕೈಕೊಡದ ಕೋಡಿಗೆ ಯಾರು ಫೋನ್ ಮಾಡುತ್ತಾರೆ?

೨

"ಪಣ್ಲೆ ಪೂವಪ್ಪಣ್ಣ, ಹೇಳಿ," ಎಂದು ಝಿಯಾದ್ ಫೋನಿನಲ್ಲಿ ನಗುತ್ತಿದ್ದ. ಇಟ್ಟ ಕೂಡಲೇ ನಿರೀಕ್ಷಾ ಹೇಳಿದಳು, "ಹಳೇ ಆಂಡ್ರಾಯ್ಡಿನ ಸಪೋರ್ಟ್ ತೆಗೀತೇನೆ. ನೀನು ಅಪ್ರೂವ್ ಮಾಡು."

"ಎಂತಕ್ಕೆ?"

"ಎಲ್ಲ ಎರಡೆರಡು ಸಲ ಬರೀಬೇಕು ಮಾರಾಯ. ಹೊಸ ಪ್ರಿಂಟರ್ ಸೇರಿಸ್ಲಿಕ್ಕೆ ಒಂದು ದಿನ, ನಿನ್ನ ಹಳೇ ಡಬ್ಬಗಳಿಗೆ ಎರಡು ವಾರ. ಚಾರ್ಟ್ ನೋಡು. ಹಳೇದು ಬಳಸುವವರು ಒಬ್ಬರೂ ಇಲ್ಲ."

"ಚಾರ್ಟಿಗೆ ಲೆಕ್ಕ ಕಳಿಸುವ ಕೋಡ್ ಹಳೇದರಲ್ಲಿ ಓಡುವುದೇ ಇಲ್ಲ. ಮತ್ತೆ ಹೇಗೆ ಕಾಣ್ತದೆ? ಅದನ್ನು ಬರೆದದ್ದು ಯಾರು?"

ಬರೆದದ್ದು ಅವಳೇ.

"ಬೋಳಾರದ ಪೂವಪ್ಪಣ್ಣ ಹೊಸ ಪ್ರಿಂಟರ್ ತಗೊಂಡಿದ್ದಾರೆ. ನಮ್ಮ ಹೊಸ ವರ್ಷನ್ ಅವರ ಹಳೇ ಟ್ಯಾಬ್‌ಗೆ ಹೋಗದಿದ್ರೆ ಆ ಪ್ರಿಂಟರಿನಲ್ಲಿ ಬಿಲ್ಲೇ ಬರ್ಲಿಕ್ಕಿಲ್ಲ."

"ಹೊಸ ಟ್ಯಾಬ್ ತಗೊಳ್ಳಲಿ."

"ನೀನೇ ಹೋಗಿ ಹೇಳು."

(ಅವಳ ಕಾರಣ ಸರಿಯಾದದ್ದೇ. ಎರಡೆರಡು ಸಲ ಬರೆಯುವುದು ದಂಡ. ಹೊಟ್ಟೆಕಿಚ್ಚಿಗೆ ಸರಿಯಾದ ಕಾರಣ ಸಿಕ್ಕರೆ ಎಷ್ಟು ಹಾಯಾಗಿರುತ್ತದೆ ಎಂದು ತಿಳಿಯದವರು ಈ ಕಥೆಯನ್ನು ಇಲ್ಲಿಗೇ ಬಿಡಬಹುದು.)

೩

ಕೈಬಿಟ್ಟ ಡ್ರಾಫ್ಟ್. ಇದರಲ್ಲಿ ನಾನು ಝಿಯಾದ್‌ನನ್ನು ಕಥೆಯಿಂದಲೇ ತೆಗೆದಿದ್ದೆ. ನಿರೀಕ್ಷಾ ಒಬ್ಬಳೇ ಎಲ್ಲವನ್ನೂ ತೀರ್ಮಾನಿಸುತ್ತಾಳೆ. ಕಥೆ ತೆಳ್ಳಗಾಯಿತು, ಬೇಗ ಓಡಿತು. ಎರಡನೇ ಪುಟದಲ್ಲಿ ಪೂವಪ್ಪಣ್ಣ ತಲೆ ಎತ್ತಿ ನನ್ನನ್ನೇ ಕೇಳಿದರು:

"ಝಿಯಾದ್ ಎಲ್ಲಿ?"

"ಅವನಿಲ್ಲ. ತೆಗೆದಿದ್ದೇನೆ."

"ನಂಬರಾದ್ರೂ ಉಂಟಾ?"

ಹರಿದು ಹಾಕಿದೆ. ನಮ್ಮ ಹಾಸ್ಟೆಲಿನಲ್ಲಿ ಇನ್ನೊಬ್ಬ ಬರೆಯುತ್ತಾನೆ. ಅವನ ಕಥೆ ಅಚ್ಚಾದರೆ ಓದುಗರು ಫೋನ್ ಮಾಡುತ್ತಾರೆ. ಅವನು ಕಾರಿಡಾರಿನಲ್ಲಿ ನಡೆಯುತ್ತಾ ಎಲ್ಲರಿಗೂ ಕೇಳುವಂತೆ ಮಾತಾಡುತ್ತಾನೆ. ಅವನನ್ನು ಯಾವ ಡ್ರಾಫ್ಟಿನಿಂದ ತೆಗೆಯಲಿ?

೪

ಮರುದಿನ ಬೆಳಿಗ್ಗೆ ನಿರೀಕ್ಷಾ ಬೋಳಾರಕ್ಕೆ ಹೋಗಿ, ಝಿಯಾದ್‌ನ ಆಫೀಸಿನವಳು ಎಂದಷ್ಟೇ ಹೇಳಿಕೊಂಡಳು. ಪೂವಪ್ಪಣ್ಣನದ್ದು ಒಣಮೀನಿನ ಅಂಗಡಿ. ಅವರು ಬಡವರಲ್ಲ, ಮರುಕ ಬೇಡ. ಅಂಗಿಯ ಕಿಸೆಯಲ್ಲಿ ದುಬಾರಿ ಫೋನಿದೆ. ಅದರಲ್ಲಿ ಯಕ್ಷಗಾನ ನೋಡುತ್ತಾರೆ. ಬಿಲ್ಲಿಗೆ ಮಾತ್ರ ಗಾಜು ಒಡೆದ ಹಳೇ ಟ್ಯಾಬು.

"ಇದನ್ನು ಬದಲಾಯಿಸಬಾರದಾ ಅಣ್ಣ?"

"ಹಾಳಾಗ್ಲಿಲ್ಲವಲ್ಲ ಮೇಡಂ."

ನಿರೀಕ್ಷಾ ಒಣ ಸಿಗಡಿ ಕೊಂಡಳು. ಹೊಸ ಪ್ರಿಂಟರ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಹಳೇದೇ ಕೆಮ್ಮುತ್ತಾ ಬಿಲ್ ಕೊಟ್ಟಿತು: ಒಣ ಎಟ್ಟಿ. ಟಕಾರದ ಒತ್ತು ಕೆಳಗೆ ಚೊಕ್ಕವಾಗಿ ಕೂತಿತ್ತು.

"ಮೊದಲು ಒತ್ತು ಪಕ್ಕಕ್ಕೆ ಹಾರ್ತಿತ್ತು, ಜನ ನಗಾಡ್ತಿದ್ರು," ಎಂದರು ಪೂವಪ್ಪಣ್ಣ. "ಈಗ ನೋಡಿ. ಝಿಯಾದ್ ಮಾಡಿದ್ದು. ಭಾರೀ ಹುಷಾರಿ."

ಹೇಳು, ನಾನೇ ಮಾಡಿದ್ದು ಅಂತ ಹೇಳು, ಎಂದೆ ನಾನು.

"ಬರೆಯುವವ ನೀನಲ್ಲವಾ? ನೀನೇ ಬರಿ," ಎಂದಳು.

ನಾನು ಬರೆದರೆ ಜಂಬದ ಹಾಗೆ ಕೇಳುತ್ತದೆ.

"ಹಾಗಾದ್ರೆ ಬಾಯಿ ಮುಚ್ಚು."

ಹಳೇ ಟ್ಯಾಬಿನ ಸಪೋರ್ಟ್ ತೆಗೆಯುವ ವಿಷಯವನ್ನೂ ಹೇಳದೆ, ಸಿಗಡಿಯ ಪೊಟ್ಟಣ ಹಿಡಿದು ಆಫೀಸಿಗೆ ಬಂದಳು.

೫

"ಅಪ್ರೂವ್ ಮಾಡಿದ್ದೇನೆ," ಎಂದ ಝಿಯಾದ್. "ಇನ್ನು ನೀನು ಬಟನ್ ಒತ್ತಿದ್ರೆ ಹಳೇದು ಹೋಯ್ತು. ನೀನು ಹೇಳಿದ್ದೇ ಸರಿ. ನನಗೂ ಸಾಕಾಯ್ತು ಮಾರಾಯ್ತಿ. ಊಟಕ್ಕೆ ಕೂತ್ರೂ ಫೋನ್."

ತಾನು ಇಷ್ಟು ದಿನ ಆಸೆಪಟ್ಟದ್ದು ಅವನಿಗೆ ಬರೀ ಕಿರಿಕಿರಿ ಎಂದು ತಿಳಿದಾಗ ಅವಳ ಹೊಟ್ಟೆಕಿಚ್ಚು ಆರಲಿಲ್ಲ. ಹೆಚ್ಚಾಯಿತು.

"ಆದ್ರೆ ನಮ್ಮ ಕ್ರಮ ಗೊತ್ತುಂಟಲ್ಲ? ತೆಗೆದವರೇ ಹೇಳಬೇಕು. ಪೂವಪ್ಪಣ್ಣನಿಗೆ ನೀನು ಫೋನ್ ಮಾಡು. ಎಂತ ಅದು ವಾಸನೆ, ಎಟ್ಟಿಯಾ?"

೬

ಅಂತ್ಯ ಒಂದು: ಅವಳು ಬಟನ್ ಒತ್ತುತ್ತಾಳೆ, ಪೂವಪ್ಪಣ್ಣ ಬೈಯುತ್ತಾ ಹೊಸ ಟ್ಯಾಬ್ ಕೊಳ್ಳುತ್ತಾರೆ. ಪ್ರಪಂಚದಲ್ಲಿ ನಡೆಯುವುದು ಇದೇ. ಹಾಗಾಗಿಯೇ ಬರೆಯಲು ಬೇಜಾರು.

ಅಂತ್ಯ ಎರಡು: ಅವಳು ಒತ್ತುವುದಿಲ್ಲ. ಎರಡು ವಾರ ಕೂತು ಹಳೇ ಟ್ಯಾಬಿಗೂ ಹೊಸ ಪ್ರಿಂಟರನ್ನು ಹೊಂದಿಸುತ್ತಾಳೆ. ಬಿಲ್ ಚಂದ ಬರುತ್ತದೆ. ಪೂವಪ್ಪಣ್ಣ ಖುಷಿಯಿಂದ ಫೋನ್ ಮಾಡುತ್ತಾರೆ, ಝಿಯಾದ್‌ಗೆ. (ಇದನ್ನು ನಿರೀಕ್ಷಾ ಅರ್ಧ ಓದಿ ನನ್ನ ಮುಖಕ್ಕೆಸೆದಳು.)

ಮೂರನೆಯದನ್ನು ಯೋಚಿಸುವಷ್ಟರಲ್ಲಿ ಅವಳೇ ನಂಬರ್ ಒತ್ತಿಬಿಟ್ಟಿದ್ದಳು.

"ಹಲೋ, ಯಾರು?"

"ನಿರೀಕ್ಷಾ."

"ಯಾವ ನಿರೀಕ್ಷಾ?"

ಅವಳು ಝಿಯಾದ್‌ನ ಕಡೆ ನೋಡಿದಳು. ಅವನು ಕೀಬೋರ್ಡಿನಿಂದ ಕೈ ತೆಗೆದು ಕೇಳಿಸಿಕೊಳ್ಳುತ್ತಿದ್ದ.

"ಬೆಳಿಗ್ಗೆ ನಿಮ್ಮಲ್ಲಿಗೆ ಬಂದವಳು. ನಿಮ್ಮ ಬಿಲ್ಲಿನಲ್ಲಿ ಎಟ್ಟಿಯ ಒತ್ತು ಸರಿ ಮಾಡಿದವಳು."

ಆ ಕಡೆ ತಕ್ಕಡಿಯ ಸದ್ದು ನಿಂತಿತು.

"ಓ, ಅದು ನೀವಾ! ಬೆಳಿಗ್ಗೆ ಬಂದಾಗಲೇ ಹೇಳಬಾರದಿತ್ತಾ ಮೇಡಂ? ಈಗ ಹೇಳಿ, ಎಂತ ವಿಷಯ?"

ಪರದೆಯ ಮೇಲೆ ಅವಳಿನ್ನೂ ಒತ್ತದ ಬಟನ್ ಹಸಿರಾಗಿಯೇ ಇದೆ. ಅವಳು ಬಾಯಿ ತೆರೆದಿದ್ದಾಳೆ. ಏನು ಹೇಳಿದಳೆಂದು ನನ್ನನ್ನು ಕೇಳಬೇಡಿ. ಪೂವಪ್ಪಣ್ಣ ಮಾತಾಡುತ್ತಿರುವುದು ಅವಳ ಜೊತೆ, ನನ್ನ ಜೊತೆ ಅಲ್ಲ.