ಅಜ್ಜಿಯ ಕೆಳರೆಪ್ಪೆ

ಪ್ಲಾಸ್ಟರಿನ ತುದಿ ಸಿಗುತ್ತಿಲ್ಲ, ನರ್ಸಕ್ಕನ ಉಗುರು ಅಜ್ಜಿಯ ಕೆನ್ನೆಯ ಮೇಲೆ ಹುಡುಕುತ್ತಲೇ ಇದೆ, ಮೆಲ್ಲಗೆ ಅಕ್ಕಾ ಅನ್ನಬೇಕು ಅನಿಸುತ್ತಿದೆ — ನಾನಾಗಿದ್ದರೆ ಸಿಕ್ಕಿರುತ್ತಿತ್ತು, ಪಿಯುಸಿಯಿಂದ ಈಗ ಡಿಗ್ರಿ ಮುಗಿಯುವ ತನಕ ಆ ಕಣ್ಣಿನ ಸುತ್ತ ನನ್ನ ಬೆರಳೇ ಓಡಾಡಿದ್ದು, ನಮ್ಮೂರು ಅಗರದ ಮನೆಯ ಜಗುಲಿ, ಎಳೆಬಿಸಿಲು, ನನ್ನ ತೊಡೆಯ ಮೇಲೆ ಅಜ್ಜಿಯ ತಲೆ, ಎಲೆ-ಅಡಿಕೆಯ ಉಸಿರು, ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲೆಲ್ಲ ಕಣ್ಣಿಗೇ ಚುಚ್ಚುತ್ತಿದ್ದವು, ಬಿಳೀ ಕೂದಲು, ಬಿಸಿಲಿಗೆ ತಿರುಗಿಸಿದರೆ ಮಾತ್ರ ಮಿಂಚುವುದು, ಚಿಮಟದಲ್ಲಿ ಹಿಡಿದು ಒಂದೇ ಎಳೆತ, ಕಿತ್ತದ್ದನ್ನು ಮಣಿಕಟ್ಟಿಗೆ ಅಂಟಿಸಿ ನೋಡುತ್ತಿದ್ದೆ, ಬುಡ ಬಂತಾ ಅಂತ. ಸೋಮಾರ ಮಾತ್ರ ಬ್ಯಾಡ ಕಣ್ ಮಗಾ, ಮಾದಪ್ಪನ ವಾರ, ಕೂದ್ಲು ಕೀಳಬಾರ್ದು — ಅವತ್ತೆಲ್ಲ ಕಣ್ಣಿಗೆ ಸೆರಗು ಒತ್ತಿಕೊಂಡೇ ಸೊಪ್ಪು ಸೋಸುವಳು. ನನ್ನ ಡೈರಿಯಲ್ಲಿದೆ, ಇವತ್ತು ನಾಲ್ಕು, ಒಂದು ನಡುವಲ್ಲೇ ಮುರಿಯಿತು, ಅಜ್ಜಿಗೆ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದು ಎಷ್ಟು ಪುಟದಲ್ಲಿದೆಯೋ.

ಮುರಿದದ್ದೇ ಮುಳ್ಳಾಗಿದೆ ಅಂದರು ಡಾಕ್ಟರಮ್ಮ, ಹೋದ ವಾರ, ಇದೇ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ, ಯಂತ್ರದೊಳಗೆ ಇಣುಕಿ, ಕಪ್ಪುಗುಡ್ಡೆಗೆ ಗೀರು ಬಿದ್ದಿದೆ, ಇನ್ನಷ್ಟು ಬಿದ್ದರೆ ದೃಷ್ಟಿ ಉಳಿಯಲ್ಲ, ರೆಪ್ಪೆ ಹೊರಕ್ಕೆ ತಿರುಗಿಸಿ ಹೊಲಿಯಲೇಬೇಕು, ಯಾರಮ್ಮ ಕೀಳ್ತಿದ್ದದ್ದು — ಅಜ್ಜಿ ತಟ್ಟನೆ, ನಾನೇಯ ಕಣವ್ವಾ, ಕನ್ನಡಿ ಇಡ್ಕಂಡು. ಕನ್ನಡಿಯಲ್ಲಿ ಅವಳಿಗೆ ತನ್ನ ಮೂಗೂ ಕಾಣುವುದಿಲ್ಲ. ನಿನ್ನೆ ಆಪರೇಷನ್, ಸೋಮವಾರವೇ, ಮಾದಪ್ಪ ಏನೂ ಅನ್ಕಳಾಕಿಲ್ಲ ಬುಡು ಅಂತ ಅವಳೇ ಒಳಗೆ ನಡೆದಳು, ನಾನು ಹೊರಗೆ ಬೆಂಚಿನಲ್ಲಿ, ಚೀಲದಲ್ಲಿ ಚಿಮಟ, ಯಾಕೆ ತಂದೆನೋ, ಕೈ ಅಭ್ಯಾಸ —

ಚರ್ರ್, ಬಂತು ಪ್ಲಾಸ್ಟರು, ಹತ್ತಿ ಬಂತು, ರೆಪ್ಪೆ ಊದಿದೆ, ಕೆಂಪಗಿದೆ, ಕರೀ ದಾರದ ಗಂಟುಗಳು, ಡಾಕ್ಟರಮ್ಮ ಬೆರಳೆತ್ತಿ ಎಷ್ಟು ಅಂದರು, ಎರಡು ಅಂದಳು, ಎರಡೇ, ಗೀರು ಮಾಯುತ್ತೆ ಅಂದರು, ಎಲ್ಲಿ ಕಣ್ಣು ಮಿಟುಕಿಸಿ ಅಜ್ಜಿ, ಮಿಟುಕಿಸಿದಳು, ಈಗ ಮುಖ ಕಿವುಚುತ್ತಾಳೆ ಅಂತ ನನ್ನ ಮುಖ ಕಿವುಚಿಕೊಂಡಿತು, ಅವಳದು ಇಲ್ಲ, ಇನ್ನೊಮ್ಮೆ, ಇಲ್ಲ. ಚುಚ್ಚಾಕಿಲ್ವಲ್ಲಾ ಮಗಾ, ಇನ್ ಆ ನಿನ್ ಚಿಮ್ಟ ತಕಂಡೋಗಿ ಬಾವಿಗಾಕು. ಹೇಳಿಬಿಟ್ಟಳು, ತನ್ನ ಸುಳ್ಳನ್ನು ತಾನೇ ಮರೆತು, ಡಾಕ್ಟರಮ್ಮ ನನ್ನ ಕಡೆ ತಿರುಗಿದರು, ಹೌದು ಮೇಡಂ, ನಾನೇ ಕೀಳ್ತಿದ್ದದ್ದು, ನನ್ನದೇ ದನಿಯಾ ಇದು, ಇಷ್ಟು ಜೋರಾಗಿ, ಅವರು ಏನೋ ಅನ್ನುತ್ತಿದ್ದಾರೆ, ನಗುತ್ತಿದ್ದಾರಾ, ಕಿಟಕಿಯ ಬಿಸಿಲು ಅಜ್ಜಿಯ ಕೆನ್ನೆಗೆ ಬಿದ್ದಿದೆ, ಕೆಳರೆಪ್ಪೆಯಲ್ಲಿ ಉಳಿದ ಒಂದೇ ಒಂದು ಬಿಳೀ ಕೂದಲು, ಹೊರಕ್ಕೆ, ನನ್ನ ಕಡೆಗೆ, ಬಿಳೀ ಕೂದಲು, ಹೊರಕ್ಕೆ