ಕಾಫಿಗೆ ಮುಂಚೆ ಎತ್ತಿದ ಕೈ

ಕೆನಡಾದ ಎಟೋಬಿಕೋಕಿನ ಆ ಲುಥೆರನ್ ಚರ್ಚಿನಲ್ಲಿ ಕಾಫಿಗೆ ಮುಂಚೆ ಯಾವ ವಿಷಯಕ್ಕೂ ಕೈ ಎತ್ತುವಂತಿರಲಿಲ್ಲ. ಅದನ್ನು ಕಟ್ಟಿದವರು ಸ್ವೀಡನ್ನಿನಿಂದ ಬಂದು ಸಾಹುಕಾರರ ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದ ಹೆಂಗಸರು. ಭಾನುವಾರವೂ ದೊರೆಸಾನಿಯ ಊಟ ಮುಗಿಸಿಯೇ ಓಡಿ ಬರಬೇಕಿತ್ತು, ಪಾಪ. ಕೊನೆಯ ಕೆಲಸದವಳು ಬಂದು, ಕೂತು, ಬೇರೆ ಯಾರೋ ಬಗ್ಗಿಸಿಕೊಟ್ಟ ಕಾಫಿ ಕುಡಿದ ಮೇಲೆಯೇ ಸಭೆಯ ತೀರ್ಮಾನ. ನೂರು ವರ್ಷವಾದರೂ ಈ ಪದ್ಧತಿ ತಪ್ಪಿರಲಿಲ್ಲ.

ಹುಬ್ಬಳ್ಳಿಯ ಬಾಸೆಲ್ ಮಿಶನ್ ಮನೆತನದ ರತ್ನಾಗೆ ಈ ಕಥೆಯೆಂದರೆ ಪ್ರಾಣ. ಸ್ವೀಡಿಷರ ಮೊಮ್ಮಕ್ಕಳೆಲ್ಲ ಒಶಾವಾ, ಅಲ್ಲಿ ಇಲ್ಲಿ ಎಂದು ಚದುರಿದ್ದರು. ಅವರೇ ಮರೆತ ಚರಿತ್ರೆಯನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುತ್ತಿದ್ದವಳು ಇವಳು. ಕೆನಡಾಕ್ಕೆ ಬಂದ ಹೊಸತರಲ್ಲಿ ತಾನೂ ಕಂಡವರ ಮನೆ ತೊಳೆದವಳಲ್ಲವೇ! ಈ ಊರಲ್ಲಿ ಆ ಚರ್ಚೇ ಅವಳ ತವರು.

೨೦೧೮ರ ನವೆಂಬರಿನಲ್ಲಿ ಚರ್ಚನ್ನು ಕಾಂಡೋ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರುವ ಮಾತು ಸಭೆಗೆ ಬಂತು. ಬೇಡವೆಂದು ಹೇಳಲು ರತ್ನಾ ವಾರವಿಡೀ ಕನ್ನಡಿಯ ಮುಂದೆ ಇಂಗ್ಲಿಷ್ ಅಭ್ಯಾಸ ಮಾಡಿದಳು. ಗಂಡ ಸತ್ಯಪ್ರಕಾಶ್ ಚರ್ಚಿನ ಕೌನ್ಸಿಲ್ ಮೆಂಬರು. ಎಲ್ಲವನ್ನೂ ನಗುತ್ತಾ ಕೇಳಿಸಿಕೊಂಡಿದ್ದ.

ಸಭೆಯ ದಿನ ಅವನೇ, "ಕೆಳಗ ಹೋಗಿ ಕಾಫಿ ಇಡು. ಓಟಿಂಗ್ ಆಮ್ಯಾಲೆ. ನಿನ್ನ ಕೈ ಕಾಫಿ ಇಲ್ಲದ ಇಲ್ಲೇನ್ ನಡೀತದ?" ಎಂದ. ಇವಳು ಹಿಗ್ಗಿ ಹೀರೇಕಾಯಿಯಾಗಿ ಬೇಸ್‌ಮೆಂಟಿಗೆ ಇಳಿದಳು.

ಕಾಫಿ ಕುದಿಯುವಷ್ಟರಲ್ಲಿ ಎಲ್ಲರೂ ಮೆಟ್ಟಿಲಿಳಿದು ಬಂದರು. ಒಬ್ಬರೂ ಅವಳ ಮುಖ ನೋಡಲಿಲ್ಲ.

"ಆತು ರತ್ನಾ," ಎಂದ ಸತ್ಯಪ್ರಕಾಶ್. "ಒಂದ ಓಟಿನ ಅಂತರದಾಗ ಪಾಸಾತು. ಮಾರೂದು ಫೈನಲ್."

"ಕಾಫಿಗಿಂತ ಮೊದಲ? ಯಾರು ಓಟಿಗೆ ಹಾಕಿದ್ರು?"

"ನಾನ. ಟೈಮ್ ಸೇವ್ ಆಗ್ಲಿ ಅಂತ. ಇನ್ನ ಮಿಸಿಸಾಗದ ಚರ್ಚಿಗೆ ಹೋಗೋಣು, ಮನಿಗೆ ಹತ್ರ ಆಗ್ತದ. ಈ ಸ್ನೋದಾಗ ಇಷ್ಟು ದೂರ ಡ್ರೈವಿಂಗ್ ಯಾರಿಗೆ ಬೇಕಾಗೇದ?"

ಅವಳೊಂದು ಕೈ ಎತ್ತಿದ್ದರೆ ಓಟು ಸಮಸಮವಾಗಿ, ಮಾರುವ ಮಾತೇ ಬಿದ್ದುಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಹೆಸರು ನೋಡಿದರೆ ಸತ್ಯಪ್ರಕಾಶ್! ಹೊರಗಿನವರು ಮೋಸ ಮಾಡಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದಳೇನೋ. ಇವನು ಅವಳು ಪ್ರಾಣದಂತೆ ನಂಬಿದ ಪದ್ಧತಿಯಿಂದಲೇ ಅವಳ ಕುತ್ತಿಗೆ ಕೊಯ್ದಿದ್ದ.

ಜನ ಕಪ್ಪು ಹಿಡಿದು ಸಾಲುಗಟ್ಟಿದರು. ರತ್ನಾ ಏಪ್ರನ್ ಬಿಚ್ಚಿದಳು. ಒಂದೇ ಒಂದು ಕಪ್ ಕಾಫಿ ಬಗ್ಗಿಸಿಕೊಂಡು, ಎಲ್ಲರ ನಡುವೆ ಕುರ್ಚಿ ಎಳೆದು ಕೂತುಬಿಟ್ಟಳು.

"ಏಳಽ, ಕಾಫಿ ಹಾಕು. ಮಂದಿ ನಿಂತಾರ," ಎಂದು ಗಂಡ ಪಿಸುಗುಟ್ಟಿದ.

"ನೀ ಹಾಕು," ಎಂದಳು ರತ್ನಾ. "ಕೊನೀ ಕೆಲಸದಾಕಿ ಈಗ ಬಂದು ಕುಂತಾಳ."